ಹಿತ್ತಲ ಬಾಗಿಲಿನ ಗಂಟೆ

ಕಾಳುಮೆಣಸಿನ ಕೊಯ್ಲು ಜೋರಾಗಿತ್ತು. ಹೊಸನಗರ ಠಾಣೆಯ ಅಂಗಳದಲ್ಲೂ ಯಾರೋ ಎರಡು ಚಾಪೆ ಮೆಣಸು ಹರವಿ ಹೋಗಿದ್ದರು. ೧೯೮೬ರ ಫೆಬ್ರವರಿ ಹದಿನೆಂಟು, ಬೆಳಿಗ್ಗೆ ಹತ್ತೂ ಕಾಲಿಗೆ ಮಾಸ್ತಿಕಟ್ಟೆ ದಾರಿಯ ಮುಕುಂದಯ್ಯ ದೂರು ಹಿಡಿದು ಬಂದರು. ಸಬ್ ಇನ್ಸ್‌ಪೆಕ್ಟರ್ ರಾಮಚಂದ್ರಪ್ಪ ಅದನ್ನು ಎರಡು ಸಲ ಓದಿದರು.

"ಕಳುವಾಗಿದ್ದು ಏನು?"

"ಕಳ್ಳರ ಗಂಟೆ ಸಾರ್. ವೈರ್‌ಲೆಸ್ಸು."

"ಕದಿಯುವಾಗ ಅದು ಹೊಡ್ಕೊಳ್ಲಿಲ್ವಾ?"

"ಹೊಡ್ಕೊಳ್ತು. ದಿನಕ್ಕೆ ಮೂವತ್ತು ಸಲ ಹೊಡ್ಕೊಳ್ತದೆ. ನಿನ್ನೆ ಮಧ್ಯಾಹ್ನವೂ ಹಂಗೇ ಅಂದ್ಕೊಂಡು ಆಫ್ ಮಾಡಿ ಊಟಕ್ಕೆ ಕೂತೆ."

ಕಾನ್‌ಸ್ಟೇಬಲ್ ಜಟ್ಟಿಂಗಪ್ಪ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡ.

"ನಗೋದು ಆಮೇಲೆ. ಎಫ್‌ಐಆರ್ ಬರಿ," ಎಂದರು ರಾಮಚಂದ್ರಪ್ಪ.

ಹನ್ನೆರಡೂವರೆಗೆ ಮುಕುಂದಯ್ಯನವರ ಮನೆಯಲ್ಲಿ ಪಂಚನಾಮೆ. ಹಿತ್ತಲ ಬಾಗಿಲಿನ ಚೌಕಟ್ಟಿನಿಂದ ಸಿಗ್ನಲ್ ಕಳಿಸುವ ಪೆಟ್ಟಿಗೆಯನ್ನು ಮೊಳೆ ಸಮೇತ ಕಿತ್ತಿದ್ದರು. ಬಾಗಿಲಿಗೆ ಹೊಡೆದಿದ್ದ ಅಯಸ್ಕಾಂತ ಹಾಗೇ ಇತ್ತು. ಗಂಟೆ ಹೊಡೆಯುವ ರಿಸೀವರ್ ನಡುಮನೆಯ ರೇಡಿಯೋ ಪಕ್ಕದಲ್ಲಿತ್ತು. ಮೆಣಸಿನ ಚೀಲಗಳು, ಹಿತ್ತಾಳೆ ಪಾತ್ರೆಗಳು, ಯಾವುದೂ ಕದಲಿರಲಿಲ್ಲ.

ಗಂಟೆ ಮಾರಿದ್ದ ಸಾಗರದ ಗಣೇಶಮೂರ್ತಿ ಮೂರು ಗಂಟೆಯ ಬಸ್ಸಿಗೆ ಬಂದ.

"ತಂತಿಯದ್ದು, ತಂತಿ ಇಲ್ದಿದ್ದು, ಎರಡೂ ತೋರಿಸಿದ್ದೆ ಸಾರ್. ತಂತಿ ಇಲಿ ಕಡೀತದೆ ಅಂತ ಇವರೇ ಇದನ್ನ ಆರಿಸಿದ್ದು. ಮುಂದಿನ ಬಾಗಿಲಿಗೆ ಹಾಕಿ ಅಂದೆ, ಕೇಳ್ಲಿಲ್ಲ."

"ಮುಂದಿನ ಬಾಗಿಲಲ್ಲಿ ಯಾರು ಬರ್ತಾರೆ ಮಾರಾಯಾ?" ಎಂದರು ಮುಕುಂದಯ್ಯ. "ಓಡಾಟ ಎಲ್ಲ ಹಿತ್ತಲ ಕಡೆ."

"ಅದಕ್ಕೇ ಮೂವತ್ತು ಸಲ," ಎಂದು ಅವರ ಹೆಂಡತಿ ಶೇಷಮ್ಮ ಅಡುಗೆಮನೆಯಿಂದಲೇ ಹೇಳಿದರು.

ರಾಮಚಂದ್ರಪ್ಪ ಹಣೆ ಒತ್ತಿಕೊಂಡರು. "ಆ ಪೆಟ್ಟಿಗೆ ಹುಡುಕೋದು ಹೆಂಗ್ರೀ?"

"ಸುಲಭ ಸಾರ್," ಎಂದ ಗಣೇಶಮೂರ್ತಿ. "ಅಯಸ್ಕಾಂತದಿಂದ ದೂರ ಇರೋವಷ್ಟು ಹೊತ್ತೂ ಅದು ಸಿಗ್ನಲ್ ಕಳಿಸ್ತಾನೇ ಇರ್ತದೆ. ನೂರಡಿ ಒಳಗೆ ರಿಸೀವರ್ ಹೋದ್ರೆ ಸಾಕು, ಹೊಡ್ಕೊಳ್ತದೆ."

"ಇದನ್ನ ಬಂದ ತಕ್ಷಣ ಹೇಳೋಕಾಗ್ಲಿಲ್ವೇನ್ರೀ?"

"ನೀವು ಕೇಳ್ಲಿಲ್ಲ."

ಜಟ್ಟಿಂಗಪ್ಪ ರಿಸೀವರಿಗೆ ಟಾರ್ಚಿನ ಸೆಲ್ ಹಾಕಿ, ಕೂಸಿನ ಹಾಗೆ ಎತ್ತಿಕೊಂಡು ಹೊರಟ. ಮನೆಯ ಸುತ್ತ ಸದ್ದಿಲ್ಲ. ನಾಲ್ಕೂ ಮುಕ್ಕಾಲಿಗೆ, ಗದ್ದೆಯಾಚೆ ನೆರೆಮನೆ ಕೆರಿಯಮ್ಮನ ಬೇಲಿ ದಾಟಿದ್ದೇ ತಡ, ಅದು ಕಿರುಚತೊಡಗಿತು. ಕೆರಿಯಮ್ಮ ಅಕ್ಕಿ ಕಣಜಕ್ಕೆ ಕೈ ಹಾಕಿ, ಟವೆಲ್ಲಿನಲ್ಲಿ ಸುತ್ತಿದ್ದ ಪೆಟ್ಟಿಗೆ ತೆಗೆದುಕೊಟ್ಟಳು.

"ಯಾಕಮ್ಮಾ?" ಹಿಂದೆಯೇ ಬಂದ ರಾಮಚಂದ್ರಪ್ಪ ಕೇಳಿದರು.

"ಇಪ್ಪತ್ತೆರಡು ವರ್ಷದಿಂದ ಅದೇ ಬಾಗಿಲಲ್ಲಿ ಹೋಗಿ ಹಾಲಿಗೆ ಹೆಪ್ಪು ತರ್ತಿದೀನಿ ಸ್ವಾಮಿ. ಒಂದಿನ ಕೇಳಿ ಒಳಗೆ ಹೋದವಳಲ್ಲ. ಈಗ ಬಾಗಿಲು ಮುಟ್ಟಿದ್ರೆ ಗಂಟೆ. ಮೆಣಸು ಬಿಡಿಸೋರೆಲ್ಲ 'ಕಳ್ಳಿ ಬಂದ್ಳು' ಅಂತಾರೆ. ಮೊನ್ನೆ ನನ್ನ ಸೊಸೆನೂ ನಕ್ಳು."

"ಈಗ ನಿಜವಾಗ್ಲೂ ಕಳ್ಳಿ ಆದ್ಯಲ್ಲ?"

"ಆದೆ. ಈಗ ನಗ್ಲಿ."

ಐದೂ ಇಪ್ಪತ್ತಕ್ಕೆ ದಸ್ತಗಿರಿ ಎಂದು ಬರೆದುಕೊಂಡರು. ಜೀಪು ಹತ್ತುವ ಮೊದಲು ಕೆರಿಯಮ್ಮ ಒಂದು ಬಟ್ಟಲು ಮೊಸರು ಹಿಡಿದು ಗದ್ದೆ ದಾಟಿದಳು. ಹಿತ್ತಲ ಕಡೆ ಹೋಗದೆ, ಬಳಸಿ ಬಂದು ಮುಂದಿನ ಜಗಲಿಯ ಮೇಲೆ ಬಟ್ಟಲಿಟ್ಟಳು. ಶೇಷಮ್ಮ ಓಡಿ ಬಂದರು.

"ಒಳಗೆ ಬಾ ಮಾರಾಯ್ತಿ. ದೂರು ವಾಪಸ್ ತಗಳಿ ಅಂತ ಇವ್ರಿಗೆ ಹೇಳ್ತೀನಿ."

"ನಿನ್ನೆ ಬೆಳಿಗ್ಗೆ ತಗಂಡ ಹೆಪ್ಪು," ಎಂದಳು ಕೆರಿಯಮ್ಮ.

ತಂದ ಹೆಪ್ಪನ್ನು ಆ ಊರಿನಲ್ಲಿ ಯಾರೂ ಹಿಂದಿರುಗಿಸುವುದಿಲ್ಲ; ಹಿಂದಿರುಗಿಸಿದರೆ ಬಳಕೆ ಮುಗಿಯಿತೆಂದೇ ಅರ್ಥ.

"ಬಟ್ಟಲೂ ಪಂಚನಾಮೆಗೆ ಸೇರಿಸ್ಲಾ ಸಾರ್?" ಎಂದ ಜಟ್ಟಿಂಗಪ್ಪ.

"ಸುಮ್ನೆ ಹತ್ತಯ್ಯ," ಎಂದರು ರಾಮಚಂದ್ರಪ್ಪ.

ಜೀಪು ತಿರುವು ದಾಟುವವರೆಗೂ ಶೇಷಮ್ಮ ಆ ಬಟ್ಟಲನ್ನು ಮುಟ್ಟಲಿಲ್ಲ.