ಏಣಿ ಹತ್ತದ ಭಾವ

ಕೆಲಸ ಕಲಿಸಿದ್ದು ಅವನು, ಕುರ್ಚಿ ಸಿಕ್ಕಿದ್ದು ಭಾವನಿಗೆ. ಮಾಲ್‌ನ ಜಾಹೀರಾತು ಪರದೆಗಳನ್ನೆಲ್ಲ ಗೋಡೆಗೆ ಕೂರಿಸಿ, ವೈರು ಎಳೆದು, ಬೆವರು ಸುರಿಸಿದವನು ಅವನೇ. ಮೇಲ್ವಿಚಾರಕನನ್ನು ಆರಿಸುವಾಗ ಮಾತ್ರ ಮಾಲೀಕರು ಅವನ ಅಕ್ಕನ ಗಂಡನ ಬೆನ್ನು ತಟ್ಟಿದರು. "ನೀನು ಜಾಣ ಕಣಯ್ಯಾ. ಆದ್ರೆ ನಿಮ್ಮ ಭಾವನ್ನ ನಂಬಬಹುದು" ಎಂದು ನಕ್ಕರು. ಆ ನಗು ಅವನ ಹೊಟ್ಟೆಯಲ್ಲಿ ಕೆಂಡದ ಹಾಗೆ ಕೂತಿತು. ಅಂದೇ ಕೆಲಸ ಬಿಟ್ಟ. ಮನೆಯಲ್ಲಿ ಕೂತರೆ ನಿಲ್ಲಬೇಕೆನಿಸುತ್ತಿತ್ತು, ನಿಂತರೆ ನಡೆಯಬೇಕೆನಿಸುತ್ತಿತ್ತು.

ಭಾವನಿಗೆ ಏಣಿ ಹತ್ತಿದರೆ ತಲೆಸುತ್ತು. ಆ ತಲೆಸುತ್ತೇ ಭಾಮೈದನಿಗೆ ಸೇಡಿನ ದಾರಿ ತೋರಿಸಿತು. ಪ್ರತಿ ಪರದೆಯೊಳಗೂ ಒಂದು ಪುಟ್ಟ ಕಂಪ್ಯೂಟರ್ ಇರುತ್ತದೆ. ಅದನ್ನು ದೂರದಿಂದಲೇ ಹೊಕ್ಕು ರಿಪೇರಿ ಮಾಡಲು ಒಂದು ಹಿಂಬಾಗಿಲು, ರಿಮೋಟ್ ಡೀಬಗಿಂಗ್. ಕೆಲಸ ಮುಗಿದ ಮೇಲೆ ಅದನ್ನು ಆಫ್ ಮಾಡಿಬಿಡಬೇಕು. ಆದರೆ ಒಮ್ಮೆ ಆಫ್ ಮಾಡಿದರೆ ಮತ್ತೆ ಆನ್ ಮಾಡಲು ಏಣಿ ಹಾಕಿ ಪರದೆಯನ್ನೇ ಮುಟ್ಟಬೇಕು. ಭಾವ ಆಫ್ ಮಾಡುವ ಗೋಜಿಗೇ ಹೋಗಿರಲಿಲ್ಲ. ವೈಫೈ ಪಾಸ್‌ವರ್ಡ್ ಕೂಡ ಅವನಿಗೆ ಗೊತ್ತಿದ್ದ ಹಳೆಯದೇ.

ಅವನ ಲೆಕ್ಕ ಇಷ್ಟೇ: ಮಾಲ್‌ನ ವಾರ್ಷಿಕೋತ್ಸವದಂದು ಮಾಲೀಕರು ಭಾಷಣಕ್ಕೆ ನಿಲ್ಲುತ್ತಾರೆ. ಆಗ ಪರದೆಗಳ ತುಂಬ ಅವರದೇ ಫೋಟೋ, ಮೀಟಿಂಗಿನಲ್ಲಿ ಬಾಯಿ ತೆರೆದು ನಿದ್ದೆ ಹೋದದ್ದು. ಅದು ನೌಕರರೆಲ್ಲರ ಫೋನಿನಲ್ಲೂ ಇತ್ತು, ಯಾರ ಕೈವಾಡವೆಂದು ಹೇಳಲಾಗದು. ಫೋಟೋ ಹಾಕಿದ ಕೂಡಲೇ ಹಿಂಬಾಗಿಲು ಆಫ್. ಆಮೇಲೆ ಭಾವ ಒಂದೊಂದು ಪರದೆಗೂ ಏಣಿ ಹತ್ತಬೇಕು. ಹತ್ತಿದರೆ ಸುತ್ತು, ಹತ್ತದಿದ್ದರೆ ಕೆಲಸಕ್ಕೆ ಕುತ್ತು. ಮಾಲೀಕರು ತನ್ನನ್ನೇ ಹುಡುಕಿಕೊಂಡು ಬರುತ್ತಾರೆ. ಅಕ್ಕನ ಮುಖ ನೆನಪಾದಾಗ ಎದೆ ಚುರುಕ್ಕೆಂದಿತು. ಭಾವನಿಗೆ ಬೇರೆಲ್ಲಾದರೂ ಕೆಲಸ ಕೊಡಿಸಿದರಾಯಿತು, ತಾನೇನು ಕಟುಕನೇ?

ಆ ದಿನ ವೇದಿಕೆಯ ಎದುರಿಗಿದ್ದ ಕಾಫಿ ಅಂಗಡಿಯಲ್ಲಿ ಲ್ಯಾಪ್‌ಟಾಪ್ ತೆರೆದು ಕೂತ. ಕಾಲು ತನ್ನಷ್ಟಕ್ಕೆ ಕುಣಿಯುತ್ತಿತ್ತು. ಕಾಫಿ ಆರಿತು. ಅಷ್ಟರಲ್ಲಿ ಅಕ್ಕನ ಫೋನು.

"ಎಲ್ಲಿದ್ದೀಯೋ? ಇವತ್ತು ಫಂಕ್ಷನ್ ಅಂತ ನಿಮ್ಮ ಭಾವ ಬೆಳಿಗ್ಗೆಯಿಂದ ಒಂದೇ ಸಮ ಒದ್ದಾಡ್ತಿದ್ರು. ಸಂಜೆ ಊಟಕ್ಕೆ ಬಾರೋ, ಮುನಿಸು ಸಾಕು."

"ನೋಡೋಣ ಅಕ್ಕ" ಎಂದು ಫೋನಿಟ್ಟ. ವೇದಿಕೆಯಲ್ಲಿ ಮಾಲೀಕರು ಮೈಕ್ ಹಿಡಿದರು. ಅವನು ಗುಂಡಿ ಒತ್ತಿದ.

ಗೋಡೆಗೋಡೆಯ ಮೇಲೂ ಮಾಲೀಕರು ನಿದ್ದೆ ಹೋದರು. ಮೊದಲು ಯಾರೋ ಕಿಸಕ್ಕೆಂದರು, ಆಮೇಲೆ ಇಡೀ ಮಾಲ್ ಬಿದ್ದು ಬಿದ್ದು ನಕ್ಕಿತು. ಅವನು ಒಂದೊಂದಾಗಿ ಹಿಂಬಾಗಿಲುಗಳನ್ನು ಆಫ್ ಮಾಡುತ್ತ ಹೋದ. ಭಾವ ಏಣಿ ತರಿಸಿದ, ಅರ್ಧ ಹತ್ತಿದ, ಕಣ್ಣು ಮುಚ್ಚಿ ಹಾಗೇ ಇಳಿದ. ನೋಡುತ್ತಿದ್ದ ಭಾಮೈದನಿಗೆ ಕುಣಿಯುವಷ್ಟು ಖುಷಿಯಾಯಿತು. ಈಗಲೇ ಎದ್ದರೆ ಎದ್ದು ಕಾಣುತ್ತೇನೆಂದು, ಆರಿದ ಕಾಫಿಯನ್ನೇ ಗುಟುಕರಿಸಿದ.

ಭಾವ ಕೈಯಲ್ಲಿದ್ದ ಟ್ಯಾಬ್ಲೆಟ್ಟನ್ನೇ ನೋಡುತ್ತ ಸೀದಾ ಕಾಫಿ ಅಂಗಡಿಗೆ ನುಗ್ಗಿದ. ಹಿಂದೆ ಕೆಂಪಾದ ಮುಖದ ಮಾಲೀಕರು. "ಇದೊಂದರ ಡೀಬಗಿಂಗ್ ಮಾತ್ರ ಆನ್ ಇದೆ ಸಾರ್, ಇಲ್ಲಿಂದ ಏನಾದ್ರೂ ಗೊತ್ತಾಗತ್ತೇನೋ" ಎಂದವನು ಭಾಮೈದನನ್ನು ಕಂಡು ಅಳುವಂತಾದ. "ಅಯ್ಯೋ, ನೀನಿಲ್ಲೇ ಇದ್ದೀಯಾ! ದೇವ್ರು ಕಳಿಸಿದ ಹಾಗೆ ಸಿಕ್ಕಿದೆ ಕಣೋ, ಸ್ವಲ್ಪ ನೋಡೋ!" ಮಾಲೀಕರು ಒಮ್ಮೆ ಮೇಲೆ ನೋಡಿದರು, ಒಮ್ಮೆ ಲ್ಯಾಪ್‌ಟಾಪ್ ನೋಡಿದರು. ಅವನೂ ಮೆಲ್ಲಗೆ ಕತ್ತೆತ್ತಿದ. ಜನರ ಕಣ್ಣು ತನ್ನ ಮೇಜಿನತ್ತ ಬೀಳದಿರಲೆಂದು ತನ್ನ ತಲೆಯ ಮೇಲಿನ ಪರದೆಯನ್ನು ಅವನು ಮುಟ್ಟಿರಲಿಲ್ಲ. ಇಡೀ ಮಾಲ್‌ನಲ್ಲಿ ಅದೊಂದೇ ಇನ್ನೂ ಚಪ್ಪಲಿ ಜಾಹೀರಾತು ತೋರಿಸುತ್ತಿತ್ತು.