ಒಂದೇ ಸಮ ಬೆಳೆದ ಮೀನುಗಳು

"ಅಕ್ಕ, ಸಂಜೆಯೊಳಗೆ ನನ್ನ ಪರವಾನಗಿ ರದ್ದಾಗುತ್ತಂತೆ. ಸುಳ್ಳು ಅಳತೆ ಬರೆದಿದ್ದೀನಂತೆ," ಎಂದು ಬೆಸ್ತ ತಿಬುರ್ಸಿಯೊ ಬಾಗಿಲಲ್ಲೇ ನಿಂತ.

ಪನಾಯ್ ದ್ವೀಪದ ಮೀನು ಸಂಶೋಧನಾ ಕೇಂದ್ರದಲ್ಲಿ ಲೆಕ್ಕ ಬಿಡಿಸುವವಳು ಸೊಲೆದಾದ್. ಯಾರ ಮನೆಯ ಕೋಳಿ ಕಳೆದರೂ ಊರವರು ಬರುವುದು ಅವಳ ಹತ್ತಿರವೇ. ಅವಳ ಸಹಾಯಕ ನೊನಿಟೊ ತಲೆಯೆತ್ತಲಿಲ್ಲ. ತಿಬುರ್ಸಿಯೊ ಅವನ ಅಕ್ಕನ ಗಂಡ. ಆದರೂ ನೊನಿಟೊಗೆ ಅವನ ಮೇಲಿನ ಅನುಮಾನ ಹೋಗಿರಲಿಲ್ಲ. ಭಾವ ಇಸ್ಪೀಟಿನಲ್ಲೂ ಮೋಸ ಮಾಡುವವನೇ.

ಕೊಲ್ಲಿಯ ಕೆಂಪು ಮೀನುಗಳಿಗೆ ನಂಬರು ಚೀಟಿ ಚುಚ್ಚಿ ಬಿಟ್ಟಿದ್ದರು. ಸಿಕ್ಕಾಗಲೆಲ್ಲ ಅಳೆದು ಮತ್ತೆ ನೀರಿಗೆ ಬಿಡಬೇಕು. ಉತ್ತರದ ದಡದಲ್ಲಿ ತಿಬುರ್ಸಿಯೊ, ದಕ್ಷಿಣದಲ್ಲಿ ಪೆರ್ಲಾ ಎಂಬ ಹುಡುಗಿ ಅಳೆದಿದ್ದರು. ಪೆರ್ಲಾಳ ಪಟ್ಟಿಯಲ್ಲಿ ಮೀನುಗಳೆಲ್ಲ ಹೆಚ್ಚುಕಡಿಮೆ ಒಂದೇ ಸಮ ಬೆಳೆದಿದ್ದವು. ಭಾವನದರಲ್ಲೋ, ಒಂದೇ ವಯಸ್ಸಿನ ಒಂದು ಮೀನು ಗೇಣುದ್ದ, ಇನ್ನೊಂದು ಒಂದೂವರೆ ಗೇಣು. ಅದಕ್ಕೇ ಕೇಂದ್ರದ ಡೈರೆಕ್ಟರ್ ಅವನದು ಸುಳ್ಳೆಂದಿದ್ದರು.

"ಪೆರ್ಲಾಳ ಮೂಲ ಪುಸ್ತಕ ಎಲ್ಲಿ?" ಎಂದಳು ಸೊಲೆದಾದ್.

"ಉಪ್ಪುನೀರಿಗೆ ಬಿದ್ದು ಹಾಳಾಯ್ತಂತೆ ಅಕ್ಕ. ಡೈರೆಕ್ಟರ್ ಎವಾರಿಸ್ತೊ ಅವರೇ ನಕಲು ಮಾಡಿಟ್ಟಿದ್ದಾರೆ," ಎಂದ ನೊನಿಟೊ.

ಮಧ್ಯಾಹ್ನದವರೆಗೆ ಎರಡೂ ಪಟ್ಟಿ ಹರಡಿಕೊಂಡು ಕೂತಿದ್ದವಳು ಆಮೇಲೆ ಎಲ್ಲರನ್ನೂ ಕರೆಸಿದಳು.

"ಐದು ಬೆರಳು ಒಂದೇ ಸಮ ಇರುತ್ತಾ? ತಿಬುರ್ಸಿಯೊನ ಪುಸ್ತಕದಲ್ಲಿ ಮೊದಲ ವರ್ಷ ಚುರುಕಾಗಿ ಬೆಳೆದ ಮೀನು ಎರಡನೇ ವರ್ಷವೂ ಮುಂದೆ. ಮಂದ ಮೀನು ಕೊನೇವರೆಗೂ ಮಂದ. ಒಂದೊಂದಕ್ಕೂ ಅದರದ್ದೇ ನಡಿಗೆ. ಇನ್ನೂರು ಮೀನಿನ ನಡಿಗೆ ನೆನಪಿಟ್ಟುಕೊಂಡು ಸುಳ್ಳು ಬರೆಯೋಕೆ ಯಾರಿಂದ ಆಗುತ್ತೆ? ಈ ನಕಲಿನಲ್ಲಿ ನಲವತ್ತೊಂದನೇ ಮೀನು ಒಂದು ತಿಂಗಳು ಬೆಳವಣಿಗೆಯಲ್ಲಿ ಎಲ್ಲಕ್ಕಿಂತ ಮುಂದೆ, ಮುಂದಿನ ತಿಂಗಳು ಎಲ್ಲಕ್ಕಿಂತ ಹಿಂದೆ. ಸರಾಸರಿ ಹಿಡ್ಕೊಂಡು, ಅತ್ತಿತ್ತ ಚೂರು ಕೂಡಿಸಿ ಕಳೆದು ಬರೆದದ್ದು."

ಎಲ್ಲರ ಕಣ್ಣೂ ಪೆರ್ಲಾಳ ಮೇಲೆ ಹೋಯಿತು.

"ಪೆರ್ಲಾ, ಈ ನಕಲಿನಲ್ಲಿ ಬರೆದಿರೋ ಹಾಗೆ ಏಪ್ರಿಲ್ ಹದಿನೆಂಟಕ್ಕೆ ಹನ್ನೆರಡು ಮೀನು ಅಳೆದೆಯಾ?"

"ಅವತ್ತು ಗುಡ್ ಫ್ರೈಡೇ ಅಲ್ವಾ ಅಕ್ಕ? ಊರಲ್ಲಿ ಒಂದು ದೋಣಿನೂ ನೀರಿಗಿಳಿಯಲ್ಲ. ನಾನು ಇಳಿದಿದ್ರೆ ನಮ್ಮಮ್ಮ ಕಾಲು ಮುರೀತಿದ್ಲು."

"ಮೂವತ್ತು ದಿನಕ್ಕೊಂದು ತಾರೀಕು ಎಣಿಸಿ ಬರೆದವರಿಗೆ ಅದು ಹೊಳೀಲಿಲ್ಲ. ದಡದಲ್ಲಿ ಬದುಕೋರು ಆ ದಿನ ಮರೆಯಲ್ಲ. ಮೇಜಿನ ಮುಂದೆ ಕೂತವರು ಮರೀಬಹುದು, ಅಲ್ವಾ ಡೈರೆಕ್ಟರ್ ಸಾರ್?"

ಎವಾರಿಸ್ತೊ ಕನ್ನಡಕ ತೆಗೆದಿಟ್ಟರು. "ಮೀನೆಲ್ಲ ಒಂದೇ ಗೆರೆ ಮೇಲೆ ಬೆಳೀತವೆ ಅಂತ ಹತ್ತು ವರ್ಷದಿಂದ ಹೇಳ್ಕೊಂಡು ಬಂದೆ. ಪೆರ್ಲಾಳ ಪುಸ್ತಕನೂ ಇವನದರ ಹಾಗೇ ಇತ್ತು. ಅದಕ್ಕೇ ನೀರಿಗೆ ಹಾಕಿದೆ. ಸರಾಸರಿ ಮಾತ್ರ ಸರಿಯಾಗೇ ಇದೆಯಮ್ಮ."

"ನಲವತ್ತು ವರ್ಷದಿಂದ ಬಲೆ ಹಾಕ್ತಿದ್ದೀನಿ ಸಾರ್," ಎಂದ ತಿಬುರ್ಸಿಯೊ. "ಸರಾಸರಿ ಮೀನು ಇನ್ನೂ ಸಿಕ್ಕಿಲ್ಲ."

ರದ್ದತಿಯ ಆದೇಶವನ್ನು ಡೈರೆಕ್ಟರೇ ಹರಿದು ಹಾಕಿದರು. ನೊನಿಟೊಗೆ ಭಾವನ ಮುಖ ನೋಡಲು ನಾಚಿಕೆಯಾಯಿತು.

"ನೀನೂ ಅವರ ಮಾತು ನಂಬಿದ್ದೆ, ಅಲ್ವೇನೋ?" ಎಂದು ತಿಬುರ್ಸಿಯೊ ಮೆಲ್ಲಗೆ ಕೇಳಿದ.

ನೊನಿಟೊ ಹೌದೆಂದ.