ಮೀನಿನ ತಲೆಯಲ್ಲೊಂದು ಬಿರುಕು

“ಪೇಷಂಟ್ ವಯಸ್ಸೆಷ್ಟ್ರಿ?” ಬಾಳೇಶ ಕಂಪ್ಯೂಟರಿನಿಂದ ತಲೆ ಎತ್ತದೆ ಕೇಳಿದ.

“ನಲವತ್ತು ಕೋಟಿ ವರ್ಷ,” ಎಂದಳು ಪೂರ್ಣಿಮಾ.

ಆಗ ತಲೆ ಎತ್ತಿದ. ಹಾರ್ಡ್ ಡಿಸ್ಕ್ ಹಿಡಿದು ನಿಂತಿದ್ದವಳ ಮುಖದಲ್ಲಿ ತಮಾಷೆಯಿರಲಿಲ್ಲ, ಕಣ್ಣಿನ ತುದಿಯಲ್ಲಿ ಮಾತ್ರ ಚೂರು ಇತ್ತು. ಅದು ಅವನಿಗೆ ಕಂಡಿತೆಂಬುದು ಅವಳಿಗೂ ಗೊತ್ತಾಯಿತು.

ಅವಳು ಬನಹಟ್ಟಿಯ ನೇಕಾರರ ಮನೆಯ ಹುಡುಗಿ. ಪುಣೆಯಲ್ಲಿ ಹಳೆಯ ಕಾಲದ ಮೀನುಗಳ ಮೇಲೆ ಪಿಎಚ್‌ಡಿ ಮಾಡುತ್ತಿದ್ದಳು. ತಾಯಿ ಅನಸವ್ವ ಬಿದ್ದು ಸೊಂಟದ ಎಲುಬು ಮುರಿದುಕೊಂಡಿದ್ದರಿಂದ ಮೂರು ತಿಂಗಳಿಗೆಂದು ಊರಿಗೆ ಬಂದಿದ್ದಳು. ಅವಳ ಮೀನಿನ ಕಲ್ಲಾದ ತಲೆಬುರುಡೆ ಪರದೇಶದ ಮ್ಯೂಸಿಯಮ್ಮಿನಲ್ಲಿತ್ತು, ಅದರ ಸಿ.ಟಿ. ಸ್ಕ್ಯಾನ್ ಫೈಲುಗಳು ಮಾತ್ರ ಅವಳ ಕೈಗೆ ಸಿಕ್ಕಿದ್ದವು. ಅವನ್ನು ಒಟ್ಟಿಗೆ ತೆರೆಯುವಷ್ಟು ಶಕ್ತಿ ಅವಳ ಲ್ಯಾಪ್‌ಟಾಪಿಗಿರಲಿಲ್ಲ. ಮುಧೋಳದ ಈ ಸ್ಕ್ಯಾನ್ ಸೆಂಟರಿನಲ್ಲಿ ದೊಡ್ಡ ಕಂಪ್ಯೂಟರ್ ಇದೆಯೆಂದು ಯಾರೋ ಹೇಳಿದ್ದರು.

ಬಾಳೇಶ ಅಲ್ಲಿ ಟೆಕ್ನಿಶಿಯನ್. ಮಾಲೀಕರನ್ನು ಕೇಳಿ, ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಒಂದು ಕಂಪ್ಯೂಟರ್ ಬಿಟ್ಟುಕೊಟ್ಟ.

ಪರದೆಯ ಮೇಲೆ ಮೀನಿನ ತಲೆ ಮೂಡಿತು. ಅಂಗೈಯಗಲದ ಎಲುಬಿನ ಫಲಕಗಳು ಒಂದಕ್ಕೊಂದು ಕೂಡಿ ಗಟ್ಟಿ ಶಿರಸ್ತ್ರಾಣವಾಗಿದ್ದವು. ಕಣ್ಣಿನ ಸುತ್ತಲೂ ಎಲುಬಿನ ಉಂಗುರ. ಹಲ್ಲೆಲ್ಲಿ ಎಂದು ಅವನು ಕೇಳಿದ. ಇದಕ್ಕೆ ನಮ್ಮಂಥ ಹಲ್ಲಿಲ್ಲ, ದವಡೆಯ ಎಲುಬಿನ ಅಂಚೇ ಕುಡುಗೋಲಿನಂತೆ ಹರಿತ ಎಂದಳು. ಕತ್ತಿನ ಎರಡೂ ಬದಿಗೆ ಕೀಲಿವೆ, ಬಾಯಿ ತೆರೆಯುವಾಗ ತಲೆಯೂ ಮೇಲಕ್ಕೇಳುತ್ತದೆ ಎಂದೂ ಹೇಳಿದಳು. ಬಾಳೇಶ ತನ್ನ ತಲೆ ಹಿಂದಕ್ಕೆ ಎತ್ತಿ ಬಾಯಿ ತೆರೆದು ನೋಡಿದ. ಪೂರ್ಣಿಮಾ ನಕ್ಕ ಸದ್ದಿಗೆ ಪಕ್ಕದ ಕೋಣೆಯ ನರ್ಸ್ ಬಂದು ಇಣುಕಿದಳು.

ಅಂದಿನಿಂದ ಬಸ್ಸು ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿಕೊಂಡರೆ ಅವಳಿಗೆ ಸಿಟ್ಟು ಬರತೊಡಗಿತು. ಎರಡು ಗಂಟೆಯಾದರೆ ಅವನು ಬಾಗಿಲು ನೋಡುತ್ತಿದ್ದ. ಅವಳು ಬಂದೊಡನೆ ಗೋಡೆಯ ಗಡಿಯಾರ ನೋಡಿ, ಅದಕ್ಕಾಗಿಯೇ ತಲೆ ಎತ್ತಿದವನಂತೆ ನಟಿಸುತ್ತಿದ್ದ. ಆ ನಟನೆ ಅವಳಿಗೆ ಇಷ್ಟವಾಗಿತ್ತು.

ಮೀನಿನ ಎಡಗಣ್ಣಿನ ಹಿಂದೆ ಒಂದು ಪುಟ್ಟ ಫಲಕವಿತ್ತು. ಅಂಥದು ಬೇರಾವ ಮೀನಿಗೂ ಇರಲಿಲ್ಲ. ಆ ಒಂದು ಫಲಕದ ಬಲದ ಮೇಲೆ ಇದು ಹೊಸ ಜಾತಿ ಎಂದು ಅವಳು ಪ್ರಬಂಧ ಬರೆದಿದ್ದಳು, ಹೆಸರನ್ನೂ ಇಟ್ಟಿದ್ದಳು. ಪುಣೆಯ ಗೈಡ್ ವಾರದಲ್ಲಿ ಅದನ್ನು ಪತ್ರಿಕೆಗೆ ಕಳಿಸುವವರಿದ್ದರು.

ಕೊನೆಯ ಚಿತ್ರವನ್ನು ಬಾಳೇಶನಿಗೆ ತೋರಿಸಿದ ದಿನ, ಆ ಪುಟ್ಟ ಫಲಕವನ್ನು ಪಕ್ಕದ ಎಲುಬಿನಿಂದ ಬೇರೆ ಮಾಡುವ ಗೆರೆಯನ್ನು ಅವನು ದೊಡ್ಡದು ಮಾಡಿ ನೋಡಿದ.

“ಒಂದ್ ಮಾತ ಹೇಳ್ಲೇನ್ರಿ?” ಎಂದ. “ಈ ಗೆರಿ ಸೂಚರ್ ಅಲ್ಲ ಅನಸ್ತದ ನನಗ. ಫ್ರ್ಯಾಕ್ಚರ್ ಐತಿ.”

ಎರಡು ಎಲುಬು ಹುಟ್ಟಿನಿಂದ ಕೂಡಿದ ಸೂಚರ್ ಅಂಕುಡೊಂಕಾಗಿರುತ್ತದೆ, ಅದರ ಅಂಚು ದಟ್ಟವಾಗಿ ಬೆಳ್ಳಗೆ ಕಾಣುತ್ತದೆ ಎಂದು ಅವನು ಬೆರಳಿಟ್ಟು ತೋರಿಸಿದ. ಈ ಗೆರೆ ಚಾಕುವಿನಿಂದ ಕೊಯ್ದಂತೆ ನೆಟ್ಟಗಿದೆ. ನಿಜವಾದ ಸೂಚರನ್ನು ದಾಟಿ ಆಚೆಯ ಎಲುಬಿಗೂ ಹೋಗಿರಬೇಕು, ನೋಡ್ರಿ ಎಂದ.

ಅವಳ ಕಿವಿ ಬಿಸಿಯಾಯಿತು. ಎರಡು ವರ್ಷದ ಕೆಲಸವನ್ನು ಇವನು ಎರಡು ನಿಮಿಷದಲ್ಲಿ ಒಡೆಯುತ್ತಿದ್ದಾನೆ.

“ನೀವು ಬಟನ್ ಒತ್ತೋರು,” ಎಂದಳು. “ರಿಪೋರ್ಟ್ ಬರಿಯೋರಲ್ಲ.”

ಬಾಳೇಶನ ಮುಖ ಕಪ್ಪಿಟ್ಟಿತು. ಹಾರ್ಡ್ ಡಿಸ್ಕ್ ಬಿಚ್ಚಿ ಮೇಜಿನ ಮೇಲಿಟ್ಟು, ಮುಂದಿನ ಪೇಷಂಟಿನ ಹೆಸರು ಕೂಗುತ್ತ ಹೊರಗೆ ಹೋದ. ಹೊರಗೆ ಯಾವ ಪೇಷಂಟೂ ಇರಲಿಲ್ಲ.

ನಾಲ್ಕು ದಿನ ಪೂರ್ಣಿಮಾ ಮನೆಯಲ್ಲೇ ಉಳಿದಳು. ಮುಂಭಾಗದಲ್ಲಿ ಪವರ್‌ಲೂಮಿನ ಸದ್ದು, ಒಳಗೆ ಅವಳು, ತಡೆತಡೆದು ತೆರೆಯುವ ಲ್ಯಾಪ್‌ಟಾಪು. ಸ್ಕ್ಯಾನನ್ನು ಹೋಳು ಹೋಳಾಗಿ ನೋಡಿದಳು. ನಾಲ್ಕನೆಯ ದಿನ ಅದು ಕಂಡಿತು: ಕೂದಲೆಳೆಯಷ್ಟು ಗೆರೆ ಸೂಚರನ್ನು ಸೀಳಿ ಆಚೆಯ ಎಲುಬಿನೊಳಗೆ ಹೋಗಿತ್ತು. ಅದು ಬಿರುಕು. ಹೊಸ ಫಲಕವಿಲ್ಲ, ಹೊಸ ಮೀನೂ ಇಲ್ಲ.

ಗೈಡಿಗೆ ಫೋನ್ ಮಾಡಿದಳು. ಅಷ್ಟು ಸಣ್ಣದನ್ನು ಯಾರೂ ನೋಡುವುದಿಲ್ಲ, ಕಳಿಸಿಬಿಡೋಣ ಎಂದರು ಅವರು. ನನಗೆ ಕಂಡಿದೆ ಸರ್, ಅದರ ಮೇಲೆ ನನ್ನ ಹೆಸರು ಬೇಡ ಎಂದಳು. ಹಾಗಾದರೆ ಇನ್ನೊಂದು ವರ್ಷ, ಬೇರೆ ಮೀನು, ಮೊದಲಿನಿಂದ ಶುರು ಎಂದು ಹೇಳಿ ಅವರು ಫೋನ್ ಇಟ್ಟರು.

ಅಂದು ಐತವಾರ, ಸೆಂಟರಿಗೆ ರಜೆ. ಬಾಳೇಶನಿಗೆ ಫೋನ್ ಮಾಡಿದಾಗ ಚಿಮ್ಮಡದಲ್ಲಿದ್ದೇನೆ ಎಂದ. ಬನಹಟ್ಟಿಯಿಂದ ಆ ಹಳ್ಳಿಯೇನು ದೂರವಲ್ಲ. ಆಟೋ ಹತ್ತಿ ಹೋದಳು.

ಅವನು ಒಂದು ಮನೆಯ ಕಟ್ಟೆಯ ಮೇಲೆ, ಐವತ್ತರ ಆಸುಪಾಸಿನ ಹೆಂಗಸೊಬ್ಬಳ ಜೊತೆ ಕೂತು ಶೇಂಗಾ ಸುಲಿಯುತ್ತಿದ್ದ. ಆಕೆಯ ಬಲಗೈ ಮಡಿಲಲ್ಲಿ ಸುಮ್ಮನೆ ಬಿದ್ದಿತ್ತು. ಪೂರ್ಣಿಮಾಳನ್ನು ಕಂಡು ಆಕೆ ನಕ್ಕಳು. ಏನೋ ಹೇಳಲು ಹೋದಳು, ಬರಿಯ ಸದ್ದು ಬಂತು.

ಬಾಳೇಶ ಎದ್ದು ಪೂರ್ಣಿಮಾಳನ್ನು ಬೇವಿನ ಮರದ ಕಡೆ ಕರೆದೊಯ್ದ. ನಿಮ್ಮ ಮಾತೇ ಖರೆ ಆಯಿತು, ತಪ್ಪಾಯಿತು ಎಂದಳು ಅವಳು. ಅವನಿಗೆ ಖುಷಿಯಾಗಲಿಲ್ಲ.

“ಬಟನ್ ಒತ್ತಾಂವ ಅಂತ ನೀವಂದದ್ದನ್ನ ನನಗ ನಾನ ಮೊದಲ ಅಂದ್ಕೊಂಡಿದ್ದೆ,” ಎಂದ. ನಿಧಾನವಾಗಿ ಹೇಳಿದ. ಎರಡು ವರ್ಷದ ಹಿಂದೆ ಈ ಮಾಯವ್ವ ಕಬ್ಬಿನ ಟ್ರ್ಯಾಕ್ಟರಿನಿಂದ ಬಿದ್ದಿದ್ದಳು. ಸ್ಕ್ಯಾನ್ ಮಾಡಿದವನು ಅವನೇ. ತಲೆಬುರುಡೆಯ ಎಡಬದಿಯಲ್ಲಿ ನೆಟ್ಟಗಿನ ಸಣ್ಣ ಗೆರೆ ಕಂಡಿತ್ತು. ದೂರದ ಊರಿನ ಡಾಕ್ಟರರಿಂದ ಬಂದ ರಿಪೋರ್ಟಿನಲ್ಲಿ ಅದು ಸೂಚರ್, ಚಿಂತೆಯಿಲ್ಲ ಎಂದಿತ್ತು. ಬಟನ್ ಒತ್ತುವವನು ನಾನ್ಯಾಕೆ ಬಾಯಿ ಹಾಕಲಿ ಎಂದು ಸುಮ್ಮನಿದ್ದ. ಎರಡು ದಿನಕ್ಕೆ ತಲೆಯೊಳಗೆ ರಕ್ತ ಕಟ್ಟಿ ಮಾಯವ್ವನ ಮಾತು ಹೋಯಿತು, ಕೈ ಹೋಯಿತು.

“ಅವರಿಗಿದು ಗೊತ್ತೈತೇನ್ರಿ?”

“ಇಲ್ಲ. ದವಾಖಾನಿ ಕಡೆ ಛಲೋ ಹುಡುಗ ಅಂತ ಚಹಾ ಕೊಡ್ತಾರ. ಹೇಳಿದ್ರ ಬಾಗಲಾ ಮುಚ್ಚತಾರ.”

“ನನಗ ಹೇಳಿದ್ರಲ್ಲ.”

“ನೀವೂ ನಾಕ ದಿನಾ ಮುಚ್ಚಿದ್ರಿ.”

“ಇವತ್ತ ತಗದೇನಲ್ಲ,” ಎಂದಳು.

ಅವನು ಅವಳನ್ನು ನೋಡಿದ. ಅವನ ಕಣ್ಣು ತುಂಬಿತ್ತು. ಮಾಯವ್ವಗ ಹೇಳಿಬಿಡ್ತೇನಿ, ನೀವು ಜೊತೆ ಬರ್ತೀರೇನು ಎಂದು ಕೇಳಿದ. ಅವಳು ಮೊದಲು ಹೆಜ್ಜೆ ಹಾಕಿದಳು.

ಬಾಳೇಶ ಮಾಯವ್ವನ ಎದುರು ಕುಕ್ಕರಗಾಲಲ್ಲಿ ಕೂತು ಎಲ್ಲ ಹೇಳಿದ, ಯಾವುದನ್ನೂ ಡಾಕ್ಟರರ ಮೇಲೆ ಹಾಕಲಿಲ್ಲ. ಮಾಯವ್ವನ ಗಂಡ ಅಮಸಿದ್ದಪ್ಪ ಚಹಾದ ಕಪ್ಪು ಹಿಡಿದು ಬಾಗಿಲಲ್ಲಿ ನಿಂತಿದ್ದ. ಮಾಯವ್ವ ಬಹಳ ಹೊತ್ತು ಬಾಳೇಶನ ಮುಖ ನೋಡಿದಳು. ಆಮೇಲೆ ಎಡಗೈ ಊರಿ, ಕೂತಲ್ಲೇ ಗೋಡೆಯ ಕಡೆ ತಿರುಗಿಬಿಟ್ಟಳು.

“ಈಗ ಎದ್ದ ಹೋಗಪಾ,” ಎಂದ ಅಮಸಿದ್ದಪ್ಪ. “ಅಕಿಗೆ ಸಮಾಧಾನ ಆದ್ರ ನಾನ ಹೇಳಿ ಕಳಸ್ತೇನಿ. ಆಗದಿದ್ರ ಇಲ್ಲ.”

ಇಬ್ಬರೂ ಬಸ್ ನಿಲ್ದಾಣಕ್ಕೆ ನಡೆದರು. ಇಂಥವನ ಗುರುತು ನಿಮಗೆ ಬೇಡ, ಪುಣೆಗೆ ಹೋಗಿ ನಿಮ್ಮ ಕೆಲಸ ನೋಡಿಕೊಳ್ಳಿ ಎಂದ ಬಾಳೇಶ. ಮುಂದಿನ ತಿಂಗಳು ಹೋಗುತ್ತೇನೆ, ಒಂದು ವರ್ಷ ಬೇಕಾಗುತ್ತದೆ ಎಂದಷ್ಟೇ ಹೇಳಿದಳು. ಒಳಗೆ ಅವಳಿಗೆ ಅವನ ಬಗ್ಗೆ ಯಾವ ಅನುಮಾನವೂ ಉಳಿದಿರಲಿಲ್ಲ. ಮುರಿದದ್ದನ್ನು ಮುರಿದಿದೆ ಎಂದು ಹೇಳಿ, ಅದರ ಪೆಟ್ಟನ್ನು ತಾನೇ ತಿಂದವನು ಅವಳ ಪಕ್ಕದಲ್ಲಿ ನಿಂತಿದ್ದ.

ಬಸ್ಸು ಬಂತು, ಇಬ್ಬರೂ ಹತ್ತಿದರು. ಅವಳು ಕಿಟಕಿಯ ಬದಿಗೆ ಸರಿದು ಪಕ್ಕದ ಸೀಟು ಖಾಲಿ ಬಿಟ್ಟಳು. ಬಾಳೇಶ ಕಂಬ ಹಿಡಿದು ನಿಂತೇ ಇದ್ದ. ಎರಡು ಸಾಲು ಹಿಂದೆ ಕೂತಿದ್ದ ಹೆಂಗಸರು ಕತ್ತು ಚಾಚಿ ನೋಡುತ್ತಿದ್ದರು.

“ನಿಮ್ಮ ಓಣಿಯವರು ಕಾಣ್ತಾರ,” ಎಂದ ಮೆಲ್ಲಗೆ.

“ಹೌದು. ನಮ್ಮವ್ವಗ ಇವತ್ತ ಹೇಳ್ತಾರ.” ಸೀಟಿನ ಮೇಲೆ ಅಂಗೈ ಇಟ್ಟು ಅವನನ್ನೇ ನೋಡಿದಳು. “ಅವರಕಿಂತ ಮೊದಲ ನಾವ ಹೋಗಿ ಹೇಳೂಣು. ಕೂಡು, ಬಾಳೇಶ.”

ಅವಳು ಅವನನ್ನು ಹಾಗೆ ಕರೆದದ್ದು ಅದೇ ಮೊದಲು. ಅವನು ಕೂತ.